ನೆರೆ ಮತ್ತು ನೆರೆಯವನು



2019ರಲ್ಲಿ ಕೃಷ್ಣಾ ತೀರದ ನಮ್ಮ ಜನರು ಒಂದೇ ನದಿಯ ಎರಡು ಮುಖಗಳನ್ನು ಕಂಡರು. ಆ ವರ್ಷದ ಬೇಸಿಗೆಯಲ್ಲಿ ನದಿಯ ಒಡಲು ಬತ್ತಿತ್ತು. ಅಥಣಿ, ರಾಯಬಾಗ, ಚಿಕ್ಕೋಡಿ ಭಾಗದ ಹಳ್ಳಿಗಳು ಕುಡಿಯುವ ನೀರಿಗಾಗಿ ಮಹಾರಾಷ್ಟ್ರದ ಕೊಯ್ನಾ ಜಲಾಶಯದತ್ತ ಮುಖಮಾಡಿ ಕಾದಿದ್ದವು. ಆಗಸ್ಟ್ ತಿಂಗಳು ಬಂದಾಗ ಅದೇ ಕೃಷ್ಣೆ ತನ್ನ ಉಪನದಿಗಳಾದ ದೂಧಗಂಗಾ, ವೇದಗಂಗೆಯರೊಡನೆ ಉಕ್ಕಿ ಹರಿದಳು. ಚಿಕ್ಕೋಡಿಯ ಕಲ್ಲೋಳ, ಯಡೂರು, ಮಾಂಜರಿ, ಕಾಗವಾಡ ಭಾಗದ ಜುಗೂಳ, ರಾಯಬಾಗದ ಕುಡಚಿ, ಅಥಣಿಯ ಸಪ್ತಸಾಗರ ಹೀಗೆ ಊರಿನಿಂದ ಊರಿಗೆ ಸಂಕಟ ಹರಡಿತು. ನಿಪ್ಪಾಣಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ನೀರು ನಿಂತು ಸಂಚಾರ ಸ್ಥಗಿತಗೊಂಡಿತು. ಆಳೆತ್ತರದ ಕಬ್ಬು ಮುಳುಗಿತು, ಮಣ್ಣಿನ ಗೋಡೆಗಳು ಕುಸಿದವು. 2005ರಲ್ಲಿ ಇಂಥದೇ ಮಹಾಪೂರ ಬಂದಿತ್ತು. 2021ರಲ್ಲಿ ಮತ್ತೊಮ್ಮೆ ಬಂತು.

ಇಂಥ ಹೊತ್ತಿನಲ್ಲಿ ಮನುಷ್ಯನ ಬಾಯಿಂದ ಹೊರಡುವ ಮಾತುಗಳು ಎಲ್ಲ ಕಾಲದಲ್ಲೂ ಒಂದೇ. 'ದೇವರ ಚಿತ್ತ' ಎನ್ನುತ್ತಾರೆ ಕೆಲವರು. 'ನಮ್ಮ ಪಾಪದ ಫಲ' ಎನ್ನುತ್ತಾರೆ ಇನ್ನು ಕೆಲವರು. 'ಹಣೆಬರಹ' ಎಂದು ಉಸಿರು ಬಿಡುವವರೂ ಉಂಟು. ಎಲ್ಲವನ್ನೂ ಕಳೆದುಕೊಂಡವನ ಬಾಯಲ್ಲಿ ಈ ಮಾತುಗಳು ಪ್ರಾರ್ಥನೆಯಾಗಿರಬಹುದು. ಏನನ್ನೂ ಕಳೆದುಕೊಳ್ಳದವನ ಬಾಯಲ್ಲಿ ಅವು ಏನಾಗಿರುತ್ತವೆ ಎಂಬುದನ್ನು ನಾವು ಯೋಚಿಸಬೇಕಾಗಿದೆ.

ಯೇಸುಸ್ವಾಮಿಯ ಕಾಲದಲ್ಲಿ ಸಿಲೊವಾಂ ಎಂಬಲ್ಲಿ ಗೋಪುರವೊಂದು ಕುಸಿದು ಹದಿನೆಂಟು ಮಂದಿ ಸತ್ತರು. ಅವರು ಜೆರುಸಲೇಮಿನ ಉಳಿದೆಲ್ಲರಿಗಿಂತ ಹೆಚ್ಚು ಪಾಪಿಗಳೆಂಬ ಭಾವನೆಯನ್ನು ಸ್ವಾಮಿ ನೇರವಾಗಿ ತಳ್ಳಿಹಾಕಿದರೆಂದು ಸಂತ ಲೂಕರ ಶುಭಸಂದೇಶದ ಹದಿಮೂರನೆಯ ಅಧ್ಯಾಯ ತಿಳಿಸುತ್ತದೆ. ಅಷ್ಟಕ್ಕೇ ನಿಲ್ಲಿಸದೆ, ಕೇಳುತ್ತಿದ್ದವರನ್ನು ಮನಪರಿವರ್ತನೆಗೆ ಕರೆದರು. ಸತ್ತವರ ಪಾಪವನ್ನು ಅಳೆಯುವ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಂಡು, ಬದುಕಿರುವ ತಮ್ಮ ಹೊಣೆಯನ್ನು ನೋಡಿಕೊಳ್ಳುವ ಕೆಲಸವನ್ನು ಕೊಟ್ಟರು.

ಧರ್ಮಸಭೆಯ ಚಿಂತಕರು ಕೇಡನ್ನು ಎರಡಾಗಿ ವಿಂಗಡಿಸುತ್ತಾರೆ: ಪ್ರಾಕೃತಿಕ ಕೇಡು ಮತ್ತು ನೈತಿಕ ಕೇಡು. ನೀರಿಗೆ ಇಚ್ಛೆಯಿಲ್ಲ, ಅದು ತಗ್ಗಿನ ಕಡೆಗೆ ಹರಿಯುತ್ತದೆ. ನಮ್ಮ ಕಪ್ಪು ನೆಲಕ್ಕೆ ಫಲವತ್ತಾದ ಮೆಕ್ಕಲು ತಂದುಕೊಡುವ ನಿಯಮವೇ ಒಂದು ದಿನ ಮನೆಯೊಳಗೂ ನೀರು ತರುತ್ತದೆ. ನೈತಿಕ ಕೇಡು ಬೇರೆ ಬಗೆಯದು. ಅದಕ್ಕೆ ಅರಿವೂ ಆಯ್ಕೆಯೂ ಬೇಕು. ಕೇಡು ಎಂಬುದು ದೇವರು ಸೃಷ್ಟಿಸಿದ ವಸ್ತುವಲ್ಲ, ಇರಬೇಕಾದ ಒಳಿತಿನ ಕೊರತೆಯೇ ಕೇಡು ಎಂದು ಸಂತ ಅಗಸ್ಟೀನರು ಬೋಧಿಸಿದರು. ಕಣ್ಣಿಗೆ ಇರಬೇಕಾದ ನೋಟ ಇಲ್ಲದಾಗ ಕುರುಡು ಎನ್ನುವಂತೆ, ಮನುಷ್ಯನಲ್ಲಿ ಇರಬೇಕಾದ ನ್ಯಾಯ ಇಲ್ಲದಾಗ ಪಾಪ ಎನ್ನುತ್ತೇವೆ.

ಆದರೆ ಬದುಕಿನಲ್ಲಿ ಈ ಎರಡು ಕೇಡುಗಳು ಬೇರೆ ಬೇರೆಯಾಗಿ ಬರುವುದಿಲ್ಲ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪದಿಂದ ನೆಲಸಮವಾಯಿತು. ದೇವರ ಲೋಕ ಒಳ್ಳೆಯದೆಂದು ಇನ್ನು ಹೇಗೆ ಹೇಳುವುದು ಎಂದು ವೋಲ್ತೇರ್ ಕವಿತೆಯಲ್ಲಿ ಕೇಳಿದರು. ಮರುವರ್ಷ ಅವರಿಗೆ ಪತ್ರ ಬರೆದ ರೂಸೋ, ಅಷ್ಟೊಂದು ಬಹುಮಹಡಿ ಮನೆಗಳನ್ನು ಅಲ್ಲಿ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲವಲ್ಲ ಎಂದು ನೆನಪಿಸಿದರು. ನಮ್ಮ ಮಹಾಪೂರಕ್ಕೂ ಈ ಮಾತು ಅನ್ವಯಿಸುತ್ತದೆ. ಮಳೆ ಸುರಿಸಿದ್ದು ಪ್ರಕೃತಿ. ಊರಿನ ತಗ್ಗಿನ ಅಂಚು ಯಾರ ಪಾಲಿಗೆ ಬಂತು, ಯಾರ ಗೋಡೆ ಮಣ್ಣಿನದಾಗಿಯೇ ಉಳಿಯಿತು ಎಂಬುದನ್ನು ಮಳೆ ನಿರ್ಧರಿಸಲಿಲ್ಲ. ನೀರು ಏರಿದಾಗಲೆಲ್ಲ ಕರ್ನಾಟಕ ಕೊಯ್ನಾದ ಕಡೆಗೆ ಬೆರಳು ತೋರಿಸುತ್ತದೆ, ಮಹಾರಾಷ್ಟ್ರ ಆಲಮಟ್ಟಿಯ ಕಡೆಗೆ. ಆದಾಮನು ಹವ್ವಳನ್ನೂ ಹವ್ವಳು ಸರ್ಪವನ್ನೂ ತೋರಿಸಿದ ಆದಿಕಾಂಡದ ತೋಟ ನಮ್ಮಿಂದ ದೂರವೇನೂ ಇಲ್ಲ.

ನೀರು ಇಳಿದ ಮೇಲೆ ಬರುವ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. 2019ರ ನೆರೆಯ ನಂತರ ಸರ್ಕಾರವು ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಿ, ಪೂರ್ಣವಾಗಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯ ಮನೆಗೆ 50,000 ರೂಪಾಯಿ ಪರಿಹಾರ ಘೋಷಿಸಿತು. ಒಂದು ಅಕ್ಷರದಿಂದ ಇನ್ನೊಂದು ಅಕ್ಷರಕ್ಕೆ ಇರುವ ಅಂತರ ಒಂದು ಕುಟುಂಬದ ಭವಿಷ್ಯವೇ ಆಗಿತ್ತು.

ಈಗ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ವಿಧವೆಯೊಬ್ಬಳ ಮನೆ ಪೂರ್ತಿ ಬಿದ್ದಿದೆ. ಆದರೆ ಮನೆಯ ಕಾಗದ ತೀರಿಹೋದ ಮಾವನ ಹೆಸರಿನಲ್ಲೇ ಇದೆ. ಅದೇ ಓಣಿಯ ಅನುಕೂಲಸ್ಥನೊಬ್ಬನ ದನದ ಕೊಟ್ಟಿಗೆ ಬಿದ್ದಿದೆ. ಅದನ್ನು ವಾಸದ ಮನೆ ಎಂದು ಬರೆಸಬೇಕಾಗಿದೆ. ಪಂಚನಾಮೆಗೆ ರುಜು ಹಾಕಲು ನೆರೆಯವನೊಬ್ಬನನ್ನು ಕರೆಯುತ್ತಾರೆ. ಅವನಿಗೆ ಎರಡೂ ಗೊತ್ತು. ಅವನು ಕೆಟ್ಟವನಲ್ಲ. ಆದರೆ ಅವನ ಹೊಲಕ್ಕೆ ನೀರು ಬರುವುದು ಆ ಅನುಕೂಲಸ್ಥನ ಪಂಪಿನಿಂದ. ಮಗಳ ಮದುವೆಗೆ ಕೈಗಡ ತಂದದ್ದೂ ಅವನಲ್ಲೇ.

ಈ ಮನುಷ್ಯ ಸ್ವತಂತ್ರನೇ? ಧರ್ಮಸಭೆ ಇಲ್ಲಿ ಸುಲಭದ ಉತ್ತರ ಕೊಡುವುದಿಲ್ಲ. ಭಯ, ಒತ್ತಾಯ, ಅಜ್ಞಾನ, ರೂಢಿ ಇವು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು ಎಂದು ಕಥೋಲಿಕ ಧರ್ಮೋಪದೇಶವೇ ಒಪ್ಪುತ್ತದೆ. ಬಡವನ ಸ್ವಾತಂತ್ರ್ಯದ ಅಂಗಳ ಚಿಕ್ಕದು, ಅವನನ್ನು ಕಟ್ಟಿಹಾಕಿದವನ ಪಾಪ ದೊಡ್ಡದು. ಆದರೂ ಆ ಅಂಗಳ ಪೂರ್ತಿ ಇಲ್ಲವಾಗುವುದು ಅಪರೂಪ. ಅವನು ರುಜು ನಿರಾಕರಿಸಬಹುದು. ಅಷ್ಟು ಧೈರ್ಯ ಸಾಲದಿದ್ದರೆ ಆ ದಿನ ಊರಲ್ಲಿರದೆ ಹೋಗಬಹುದು. ಅಷ್ಟಕ್ಕೇ ನಿಂತರೆ ವಿಧವೆಗೆ ನ್ಯಾಯ ಸಿಗುವುದಿಲ್ಲವಾದ್ದರಿಂದ, ಸಂಜೆ ಅವಳ ಬಳಿ ಕುಳಿತು ಅರ್ಜಿ ಬರೆದುಕೊಟ್ಟು, ಅವಳೊಡನೆ ತಹಶೀಲ್ದಾರರ ಕಚೇರಿಗೆ ಹೋಗಬಹುದು. ಒಳ್ಳೆಯದನ್ನು ಮಾಡಿದಷ್ಟೂ ಮನುಷ್ಯ ಹೆಚ್ಚು ಸ್ವತಂತ್ರನಾಗುತ್ತಾನೆ ಎಂಬುದು ನಮ್ಮ ವಿಶ್ವಾಸ. ಸಣ್ಣ ಸತ್ಯವನ್ನು ಆಡಿದವನಿಗೆ ಮುಂದಿನ ಸತ್ಯ ಸ್ವಲ್ಪ ಹಗುರ; ಸಣ್ಣ ಸುಳ್ಳಿಗೆ ಮಣಿದವನಿಗೆ ಮುಂದಿನ ಸುಳ್ಳು ಇನ್ನೂ ಸಲೀಸು.

ಹಾಗಾದರೆ ಸುಳ್ಳು ರುಜು ಹಾಕುವ ಕೈಯನ್ನು ದೇವರೇಕೆ ತಡೆಯುವುದಿಲ್ಲ? ತಡೆದಿದ್ದರೆ, ಉಕ್ಕುವ ಹೊಳೆಯಲ್ಲಿ ದೋಣಿಗಿಳಿದು ಗುರುತಿಲ್ಲದವರನ್ನು ದಡ ಸೇರಿಸಿದ ಕೈಗಳೂ ಕೇವಲ ಗೊಂಬೆಯ ಕೈಗಳಾಗುತ್ತಿದ್ದವು. ನೆರೆಯಿಲ್ಲದ ಊರುಗಳಿಂದ ರೊಟ್ಟಿಯ ಗಂಟು ಕಟ್ಟಿ ಕಳುಹಿಸಿದ ತಾಯಂದಿರಿಗೆ ಯಾರೂ ಆಜ್ಞೆ ಮಾಡಿರಲಿಲ್ಲ. ಬಲವಂತದಿಂದ ಬಂದದ್ದು ಪ್ರೀತಿಯಾಗುವುದಿಲ್ಲ. ನಮ್ಮಿಂದ ಪ್ರೀತಿಯನ್ನು ಬಯಸಿದ ದೇವರು ನಾವು ಒಲ್ಲೆವೆನ್ನುವ ಅಪಾಯವನ್ನೂ ಒಪ್ಪಿಕೊಂಡಿದ್ದಾರೆ.

ಈ ಉತ್ತರ ಮಗುವನ್ನು ಕಳೆದುಕೊಂಡ ತಾಯಿಗೆ ಸಾಕಾಗುವುದಿಲ್ಲ. ಅವಳ ಮುಂದೆ ಇದನ್ನು ಹೇಳಲೂ ಬಾರದು. ಯೋಬನ ಗೆಳೆಯರು ಏಳು ದಿನ ಅವನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತಿದ್ದರು. ಬಾಯಿ ತೆರೆದು ವಿವರಿಸತೊಡಗಿದ ಮೇಲೆಯೇ ಅವರು ತಪ್ಪಿದ್ದು. ಶಿಲುಬೆಯ ಮೇಲಿರುವ ಪ್ರಭು ಸಂಕಟಕ್ಕೆ ವಿವರಣೆ ಕೊಡುವುದಕ್ಕಿಂತ ಮೊದಲು ಅದರೊಳಗೆ ನಮ್ಮೊಡನೆ ಇಳಿದರು.

ಪುಸ್ತಕದ ಕನ್ನಡದಲ್ಲಿ ಪ್ರವಾಹಕ್ಕೆ ನೆರೆ ಎನ್ನುತ್ತೇವೆ, ಪಕ್ಕದ ಮನೆಗೂ ನೆರೆ ಎನ್ನುತ್ತೇವೆ. ಮೊದಲನೆಯದು ನಮ್ಮನ್ನು ಕೇಳಿ ಬರುವುದಿಲ್ಲ. ಎರಡನೆಯದಕ್ಕೆ ನಾವು ಏನಾಗುತ್ತೇವೆ ಎಂಬುದು ನಮಗೆ ಬಿಟ್ಟದ್ದು. ತನ್ನ ತಮ್ಮನ ಕಾವಲು ತನ್ನದೇ ಎಂದು ಕೇಳಿದ ಕಾಯಿನನಿಗೆ ಸಿಕ್ಕ ಸ್ವಾತಂತ್ರ್ಯವೇ ನಮಗೂ ಸಿಕ್ಕಿದೆ. ಇಂದು ಸಂಜೆ ಕುಟುಂಬ ಪ್ರಾರ್ಥನೆಗೆ ಕುಳಿತಾಗ, ನಮ್ಮ ಓಣಿಯಲ್ಲಿ ಯಾರ ಹೆಸರು ಪಟ್ಟಿಯಿಂದ ಬಿಟ್ಟುಹೋಗಿದೆ ಎಂದು ಮಕ್ಕಳ ಎದುರಿನಲ್ಲೇ ಕೇಳಿಕೊಳ್ಳೋಣ. ಉತ್ತರ ಗೊತ್ತಿದ್ದರೆ, ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸವೂ ಗೊತ್ತಿರುತ್ತದೆ.