ನಾಚಿಕೆಯಿಲ್ಲದ ಗುಮಾಸ್ತ

ಕೊಟ್ಟ ಮಾತಿಗೆ ತಪ್ಪಬಾರದು ಎಂಬುದನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಆದರೆ ಮಾತು ಕೊಟ್ಟದ್ದು ನಾವು ಇಟ್ಟುಕೊಂಡ ಒಂದು ಯಂತ್ರ ಎಂದಾದರೆ, ಆ ಮಾತು ಯಾರದು? ಬಟ್ಟೆ ಅಂಗಡಿ, ಬೇಕರಿ, ಟ್ರಾವೆಲ್ಸ್‌ಗಳ ಮೊಬೈಲಿನಲ್ಲಿ ಈ ಪ್ರಶ್ನೆ ಈಗ ದಿನವೂ ಹುಟ್ಟುತ್ತಿದೆ. ರಾತ್ರಿ ಹನ್ನೊಂದಕ್ಕೆ ಗಿರಾಕಿಯೊಬ್ಬ ಸಂದೇಶ ಕಳಿಸುತ್ತಾನೆ. ಅಂಗಡಿಯವನು ಮಲಗಿದ್ದಾನೆ. ಉತ್ತರ ಮಾತ್ರ ಮೂರೇ ಸೆಕೆಂಡಿನಲ್ಲಿ, ಬಹಳ ವಿನಯದಿಂದ ಹೋಗಿಬಿಡುತ್ತದೆ.

ಇಂಥ ಚಾಟ್‌ಬಾಟ್ ತಯಾರಿಸಲು ಈಗ ಕಂಪ್ಯೂಟರ್ ವಿದ್ಯೆ ಬೇಕಿಲ್ಲ. ಪರದೆಯ ಮೇಲೆ ಚೌಕಗಳಿರುತ್ತವೆ. ಅವನ್ನು ಎಳೆದು ತಂದು ಗೆರೆಗಳಿಂದ ಜೋಡಿಸಿದರಾಯಿತು. ಗಿರಾಕಿ ಬೆಲೆ ಕೇಳಿದರೆ ಈ ಚೌಕಕ್ಕೆ ಹೋಗು, ವಿಳಾಸ ಕೇಳಿದರೆ ಆ ಚೌಕಕ್ಕೆ. 2018ರಲ್ಲಿ ವಾಟ್ಸ್‌ಆಪ್ ಸಣ್ಣ ವ್ಯಾಪಾರಿಗಳಿಗೆಂದೇ ಬೇರೊಂದು ಆಪ್ ತಂದಿತು. 'ಅಂಗಡಿ ಮುಚ್ಚಿದೆ, ಬೆಳಿಗ್ಗೆ ಉತ್ತರಿಸುತ್ತೇವೆ' ಎಂಬ ಸಿದ್ಧ ಉತ್ತರವನ್ನು ಅದರಲ್ಲಿ ಯಾರು ಬೇಕಾದರೂ ಬರೆದಿಡಬಹುದು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಚೌಕಗಳೂ ಬೇಡವಾದವು. ಬೆಲೆಪಟ್ಟಿಯ ಒಂದು ಫೈಲು ಕೊಟ್ಟು, 'ನೀನು ನಮ್ಮ ಅಂಗಡಿಯ ಸಹಾಯಕ, ಗಿರಾಕಿಗಳ ಜೊತೆ ಮರ್ಯಾದೆಯಿಂದ ಮಾತಾಡು' ಎಂದು ನಾಲ್ಕು ಸಾಲು ಬರೆದರೆ ಸಾಕು, ಅದು ಮಾತಿಗಿಳಿಯುತ್ತದೆ.

ಈ ಎರಡು ಬಗೆಯ ಯಂತ್ರಗಳ ನಡುವಿನ ಅಂತರವನ್ನು ಬಹಳಷ್ಟು ವ್ಯಾಪಾರಿಗಳು ಗಮನಿಸಿದಂತಿಲ್ಲ. ಮೊದಲನೆಯದು ನಾವು ಬರೆದಿಟ್ಟದ್ದನ್ನು ಮಾತ್ರ ಹೇಳುತ್ತದೆ. ಎರಡನೆಯದು ತನ್ನ ವಾಕ್ಯವನ್ನು ತಾನೇ ಕಟ್ಟುತ್ತದೆ. ಫೈಲಿನಲ್ಲಿ ಉತ್ತರವಿಲ್ಲದಿದ್ದಾಗ ಸುಮ್ಮನಿರುವ ಬದಲು, ಹೀಗಿರಬಹುದು ಎಂದು ತನಗೆ ತೋಚಿದ್ದನ್ನೇ ಹೌದು ಎನ್ನುವ ದನಿಯಲ್ಲಿ ಹೇಳಿಬಿಡುವುದೂ ಉಂಟು. ಮೊದಲನೆಯದು ಗೋಡೆಗೆ ಅಂಟಿಸಿದ ಬೋರ್ಡಿನಂತೆ. ಎರಡನೆಯದು ಗಲ್ಲಾದ ಮುಂದೆ ಕೂತ ಗುಮಾಸ್ತ.

ಗುಮಾಸ್ತ ಎಂಬುದು ಫಾರಸಿಯಿಂದ ಬಂದ ಮಾತು. ನೇಮಿಸಲ್ಪಟ್ಟವನು, ಒಬ್ಬರ ಪರವಾಗಿ ಕಳಿಸಲ್ಪಟ್ಟವನು ಎಂದು ಅದರ ಅರ್ಥ. ಅರಬ್ಬಿಯಿಂದ ಬಂದ ವಕೀಲ ಎಂಬ ಮಾತಿಗೂ ಮೂಲದಲ್ಲಿ ಇಂಥದೇ ಅರ್ಥ, ಕೋರ್ಟಿನ ಕಪ್ಪು ಕೋಟು ಅದಕ್ಕೆ ಆಮೇಲೆ ಬಂತು. ಇವೆರಡೂ ಕನ್ನಡದ ಮನೆಮಾತುಗಳಾಗಿ ಎಷ್ಟೋ ಕಾಲವಾಯಿತು. ಒಬ್ಬನ ಮಾತನ್ನು ಇನ್ನೊಬ್ಬನು ಆಡುವ ವ್ಯವಸ್ಥೆ ನಮಗೆ ಹೊಸದಲ್ಲ ಎಂದಾಯಿತು. ಆದರೆ ಆ ಗುಮಾಸ್ತನಿಗೆ ಒಂದು ಮುಖವಿತ್ತು. ಅವನು ತಪ್ಪು ಬೆಲೆ ಹೇಳಿದರೆ ಮಾರನೆಯ ದಿನ ಅದೇ ಗಿರಾಕಿಯನ್ನು ಬೀದಿಯಲ್ಲಿ ಎದುರಿಸಬೇಕಿತ್ತು. ಧಣಿ ಸುಳ್ಳು ಹೇಳಲು ಹೇಳಿದರೆ 'ನನ್ನಿಂದಾಗದು' ಎನ್ನುವ ಅವಕಾಶವಾದರೂ ಇತ್ತು. ಹೊಸ ಗುಮಾಸ್ತನಿಗೆ ಎದುರಿಸುವ ಬೀದಿಯಿಲ್ಲ, ನಾಚುವ ಮುಖವಿಲ್ಲ. ಅವನ ಪಾಲಿನ ನಾಚಿಕೆಯನ್ನೂ ಧಣಿಯೇ ಹೊರಬೇಕು.

ಕೆನಡಾದಲ್ಲಿ ಈ ಪ್ರಶ್ನೆ ನ್ಯಾಯಮಂಡಳಿಯ ಮೆಟ್ಟಿಲನ್ನೇ ಹತ್ತಿತು. 2022ರಲ್ಲಿ ಅಜ್ಜಿಯನ್ನು ಕಳೆದುಕೊಂಡ ಒಬ್ಬಾತ ಅಂತ್ಯಕ್ರಿಯೆಗೆ ಹೋಗಲು ಏರ್ ಕೆನಡಾದ ಚಾಟ್‌ಬಾಟನ್ನು ವಿಚಾರಿಸಿದ. ಈಗ ಟಿಕೆಟ್ ಕೊಳ್ಳಿ, ಸಾವಿನ ಸಂದರ್ಭದ ರಿಯಾಯಿತಿಗೆ 90 ದಿನದೊಳಗೆ ಅರ್ಜಿ ಹಾಕಬಹುದು ಎಂದಿತು ಅದು. ಪ್ರಯಾಣ ಮುಗಿದ ಮೇಲೆ ಆ ರಿಯಾಯಿತಿ ಕೊಡುವುದಿಲ್ಲ ಎಂಬುದು ಕಂಪನಿಯ ನಿಜವಾದ ನಿಯಮವಾಗಿತ್ತು. ಕಂಪನಿ ಹೂಡಿದ ವಾದವೊಂದು ವಿಚಿತ್ರವಾದುದು. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ, ಅದಕ್ಕೂ ನಮಗೂ ಸಂಬಂಧವಿಲ್ಲ ಎಂಬಂಥ ವಾದ ಅದು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ಸುಮಾರು 650 ಡಾಲರು ಪರಿಹಾರವನ್ನೂ ಅದರ ಮೇಲೆ ಬಡ್ಡಿ, ಶುಲ್ಕಗಳನ್ನೂ ಕೊಡಬೇಕೆಂದು ಹೇಳಿತು. ವಿಮಾನ ಕಂಪನಿಗೆ ಆ ಮೊತ್ತ ಚಹಾದ ಖರ್ಚು. ಹದಿನೈದು ಸಾವಿರದ ಬಾಡಿಗೆಗೆ ಒದ್ದಾಡುವ ಅಂಗಡಿಗೆ ಅಂಥದೇ ಒಂದು ಮಾತು ಬಿದ್ದರೆ ತಿಂಗಳ ದುಡಿಮೆಯೇ ಹೋದೀತು.

ಬೀದರಿನ ಒಂದು ಬಿದರಿ ಅಂಗಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಮೇಲೆ ಗೆರೆ ಕೊರೆದು ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಕಪ್ಪು ಮಾಡುವ ಕೆಲಸವದು. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. 2023ರಲ್ಲಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ನಾಡೆಲ್ಲ ಈ ಕಡೆ ತಿರುಗಿ ನೋಡಿತು. ಇಂಥ ಅಂಗಡಿಗೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ನಾಲ್ಕೈದೇ: ಬೆಲೆ ಎಷ್ಟು, ಬೆಳ್ಳಿ ಅಸಲಿಯೆ, ಎಷ್ಟು ದಿನದಲ್ಲಿ ತಲುಪುತ್ತದೆ, ಕಪ್ಪು ಮಾಸಿದರೆ ಏನು ಮಾಡಬೇಕು.

ಸುಲಭವೆನಿಸುತ್ತದೆ. ಆದರೆ 2025ರ ಆರಂಭದಲ್ಲಿ ಕಿಲೋಗೆ 90 ಸಾವಿರದ ಆಸುಪಾಸಿನಲ್ಲಿದ್ದ ಬೆಳ್ಳಿ ಡಿಸೆಂಬರಿನಲ್ಲಿ 2 ಲಕ್ಷ ದಾಟಿತು. ಜನವರಿಯ ಬೆಲೆಪಟ್ಟಿ ತಿಂದ ಯಂತ್ರ ಡಿಸೆಂಬರಿನಲ್ಲೂ ಹಳೆಯ ಬೆಲೆಗೇ ಹೂದಾನಿ ಒಪ್ಪಿಸಿದರೆ? ಅಂಗಡಿಯವನು ಮಾತು ಉಳಿಸಿಕೊಂಡರೆ ನಷ್ಟ, ತಪ್ಪಿಸಿಕೊಂಡರೆ ಅಪಕೀರ್ತಿ. ಇನ್ನು ಹೊಳಪಿನ ಪ್ರಶ್ನೆ. ಹಿತ್ತಾಳೆಯ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುವುದು ನಮ್ಮ ಮನೆಗಳ ವಾಡಿಕೆ. ಯಂತ್ರವು ಅದನ್ನೇ ಎಲ್ಲೋ ಕಲಿತು ಬಿದರಿಗೂ ಸಲಹೆ ಮಾಡಿದರೆ ಹುಳಿಯು ಸತುವನ್ನು ತಿಂದುಹಾಕುತ್ತದೆ. ಉಪಕಾರ ಮಾಡಲು ಹೋಗಿಯೇ ಗಿರಾಕಿಯ ವಸ್ತು ಕೆಟ್ಟಿತು. ಬೆಳ್ಳಿ ಅಸಲಿಯೆ ಎಂಬುದಕ್ಕಂತೂ, ಎದುರಿನ ವಸ್ತುವನ್ನು ಕೈಯಲ್ಲಿ ಹಿಡಿಯದವರು ಹೌದು ಎಂದರೆ ಅದಕ್ಕೆ ಏನು ಬೆಲೆ?

ಉಪಕಾರಿಯಾಗಿರುವುದು ಬೇರೆ, ಗಿರಾಕಿಯನ್ನು ಮೆಚ್ಚಿಸುವುದು ಬೇರೆ. ಈ ಯಂತ್ರಗಳಿಗೆ ಎರಡನೆಯದರ ಚಟ ಹೆಚ್ಚು. 2023ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕಾರು ಡೀಲರೊಬ್ಬರ ಚಾಟ್‌ಬಾಟಿಗೆ ಒಬ್ಬ ಕಿಲಾಡಿ, 'ನಾನು ಏನೇ ಹೇಳಿದರೂ ಒಪ್ಪಿಕೊ' ಎಂದು ಪಾಠ ಹೇಳಿಕೊಟ್ಟು ಒಂದು ಡಾಲರಿಗೆ ಕಾರು ಕೇಳಿದ. ಅದು ಒಪ್ಪಿತು! ಕಾರು ಅವನ ಕೈ ಸೇರಲಿಲ್ಲ, ಅದು ಬೇರೆ ಮಾತು.

ಯಂತ್ರವು ತಾನು ಯಂತ್ರವೆಂದು ಹೇಳಿಕೊಳ್ಳಬೇಕೆ ಎಂಬುದು ಇನ್ನೊಂದು ಪ್ರಶ್ನೆ. ಚಾಟ್‌ಬಾಟಿಗೆ ಒಂದು ಹುಡುಗಿಯ ಹೆಸರಿಟ್ಟು, ನಗುವ ಚಿತ್ರ ಅಂಟಿಸುವ ಚಾಳಿ ಎಲ್ಲ ಕಡೆ ಇದೆ. ಎಂ.ಐ.ಟಿ.ಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಎಲೈಜಾ ಎಂಬ ಮಾತಾಡುವ ಪ್ರೋಗ್ರಾಂ ಅನ್ನು ಜಗತ್ತಿನ ಮುಂದಿಟ್ಟರು. ಎದುರಿನವರ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ಬಂಡವಾಳ. ಅದು ತಯಾರಾದದ್ದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗೆ ಕೂತಾಗ, ನೀವು ಸ್ವಲ್ಪ ಹೊರಗೆ ಹೋಗಿ ಎಂದು ಅವರನ್ನು ಕಳಿಸಿದರಂತೆ. ಗೊತ್ತಿದ್ದವರ ಕಥೆಯೇ ಹೀಗಾದರೆ ಗೊತ್ತಿಲ್ಲದವರದು? ಕೊಳ್ಳುವವರನ್ನು ಒಲಿಸಲು ಯಂತ್ರವನ್ನು ಮನುಷ್ಯನೆಂದು ನಂಬಿಸಿ ಮೋಸ ಮಾಡಬಾರದೆಂದು ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಕಾನೂನೇ ಇದೆ. ನಮಗೆ ಅಷ್ಟು ದೂರದ ಕಾನೂನು ಬೇಕಿಲ್ಲ. ಯಂತ್ರ 'ಅಸ್ಸಲಾಮು ಅಲೈಕುಂ ಚಾಚಾ' ಎಂದು ಬರೆದರೆ ಹಿರಿಯರೊಬ್ಬರು ಸಲಾಮಿಗೆ ಪ್ರತಿಸಲಾಂ ಬರೆದು, ಮನೆಮಂದಿಯ ಕ್ಷೇಮ ವಿಚಾರಿಸಿ, ಮಗಳ ಮದುವೆಗೆ ಉಡುಗೊರೆ ಬೇಕೆಂದೂ ಕೈಯಲ್ಲಿ ಹಣ ಕಡಿಮೆಯೆಂದೂ ಹೇಳಿಕೊಳ್ಳುತ್ತಾರೆ. ಮನುಷ್ಯನಿಗೆಂದು ನಂಬಿ ಹೇಳಿದ ಆ ಮಾತು ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಹೋಗಿ ಕೂತಿತು. ಅಂಥ ವಿವರಗಳನ್ನು ಪಡೆಯುವಾಗ ಕೊಡುವ ಸೂಚನೆಯನ್ನು ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶ ಕೊಡಬೇಕೆಂದು 2023ರ ನಮ್ಮ ದತ್ತಾಂಶ ಕಾಯ್ದೆ ಹೇಳುತ್ತದೆ. ಕನ್ನಡವೂ ಉರ್ದುವೂ ಅದರಲ್ಲಿ ಸೇರಿವೆ. ಕತೆ ಬರೆಯುವ ನಾವು ಇಲ್ಲದ ಮನುಷ್ಯರನ್ನು ಇದ್ದಾರೆಂದು ನಂಬಿಸುವವರೇ. ಆದರೆ ಓದುಗರು ಅದು ಕತೆಯೆಂದು ತಿಳಿದೇ ಪುಟ ತೆರೆಯುತ್ತಾರೆ.

ಹಾಗಾದರೆ ಯಂತ್ರವೇ ಬೇಡವೆ? ಹಾಗೆನ್ನಲು ನಮಗೆ ಮನಸ್ಸು ಬಾರದು. ಬೆಳ್ಳಿ ತಂತಿ ಕೂರಿಸುತ್ತಿರುವ ಉಸ್ತಾದರು ಉಳಿಯನ್ನು ಕೆಳಗಿಟ್ಟು ಹತ್ತು ನಿಮಿಷಕ್ಕೊಮ್ಮೆ ಫೋನು ಹಿಡಿಯಲಾರರು. ದೊಡ್ಡ ಕಂಪನಿಗೆ ಕಾಲ್ ಸೆಂಟರುಗಳಿವೆ, ಇವರಿಗೆ ಇರುವುದು ಎರಡೇ ಕೈ. ಇವರ ಉತ್ತರ ತಡವಾದರೆ ಗಿರಾಕಿ ಮೆಷಿನ್ನಿನ ನಕಲಿ ಮಾಲು ಮಾರುವವನ ಬಳಿ ಹೋಗುತ್ತಾನೆ. ಫೋನಿಗೆಂದೇ ಕೂತಿದ್ದ ಹುಡುಗನ ಕೆಲಸ ಹೋಗುವ ಭಯವೂ ಸುಳ್ಳಲ್ಲ. ಆದರೆ ಹುಡುಗನನ್ನು ಇಟ್ಟುಕೊಳ್ಳುವ ತಾಕತ್ತೇ ಇಲ್ಲದ ಅಂಗಡಿಗಳೇ ನಮ್ಮಲ್ಲಿ ಹೆಚ್ಚು.

ಆದ್ದರಿಂದ ಯಂತ್ರ ಇರಲಿ, ಅದರ ಬಾಯಿ ಚಿಕ್ಕದಾಗಿರಲಿ. ಮೊದಲ ಸಾಲಿನಲ್ಲೇ ತಾನು ಯಂತ್ರವೆಂದು ಹೇಳಲಿ. ವಿಳಾಸ, ಸಮಯ, ಫೋಟೋ, ಸಿದ್ಧವಿರುವ ವಸ್ತುಗಳು, ಒರೆಸಲು ಮೆತ್ತನೆಯ ಬಟ್ಟೆ ಮತ್ತು ತೆಂಗಿನೆಣ್ಣೆ ಸಾಕೆಂಬ ಸಲಹೆ, ಇಷ್ಟನ್ನು ಅಂಗಡಿಯವನೇ ತನ್ನ ಮಾತಿನಲ್ಲಿ ಬರೆದುಕೊಡಲಿ. ಬೆಲೆಯನ್ನು ಅಂದಾಜೆಂದೇ ಹೇಳಲಿ, ಪಟ್ಟಿ ಬದಲಾದ ತಾರೀಖು ಅಲ್ಲಿರಲಿ. ದಖ್ಖನಿಯನ್ನೂ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬೆರೆಸಿ ಬರೆಯುವ ನಮ್ಮ ಜನರ ಪ್ರಶ್ನೆಗಳನ್ನು ನಾಲ್ಕೈದು ನೆರೆಹೊರೆಯವರಿಂದ ಬರೆಸಿ, ಅದು ಏನೆನ್ನುತ್ತದೆಂದು ಮೊದಲೇ ನೋಡಲಿ. ಪ್ರತಿದಿನ ಸಂಜೆ ಅಂಗಡಿಯವನು ಎಲ್ಲ ಮಾತುಕತೆಯನ್ನು ಓದಲಿ. ಓದಲು ಪುರಸೊತ್ತಿಲ್ಲವೆಂದರೆ ವಾಕ್ಯ ಕಟ್ಟುವ ಯಂತ್ರ ಬೇಡ, ಚೌಕಗಳದ್ದೇ ಸಾಕು.

ಬೀದರಿನ ಕುಶಲಕರ್ಮಿಗಳು ಕೋಟೆಯ ಮಣ್ಣನ್ನು ನಾಲಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತಾರೆ. ಆ ನಾಲಗೆಯ ತಿಳಿವನ್ನು ಯಾವ ಫೈಲಿಗೂ ಹಾಕಲಾಗದು. ಪರದೆಯ ಮೇಲೆ ಬೇರೆಲ್ಲ ಚೌಕಗಳನ್ನು ಜೋಡಿಸುವ ಮೊದಲೇ 'ಇದು ನನಗೆ ತಿಳಿಯದು, ಉಸ್ತಾದರನ್ನೇ ಕೇಳಿ' ಎಂಬ ಚೌಕವನ್ನು ಇಡಬೇಕು. ಅದರ ಕೆಳಗೆ ಉಸ್ತಾದರ ನಂಬರು, ಅವರ ಕೈ ಬಿಡುವಾಗುವ ಹೊತ್ತು.