ಕಡತದಲ್ಲಿ ಉಳಿದ ಬಾಲ್ಯ

ನಾನು ಯಾರೆಂಬ ಪ್ರಶ್ನೆಗೆ ಉತ್ತರ ಒಳಗೇ ಇದೆ ಎಂದು ನಂಬಿ ಬಂದವರು ನಾವು. ಆದರೆ ನೆನಪು ಮೂಡುವ ಮೊದಲಿನ ವರ್ಷಗಳನ್ನು ನಮಗೆ ಕೊಡುವವರು ಬೇರೆಯವರು: ಅಮ್ಮ, ಅಜ್ಜಿ, ನೆರೆಹೊರೆ. ತಾಯಿ ತೀರಿಕೊಂಡ ಮೇಲೆ ಲಿವರ್‌ಪೂಲ್ ನಗರಪಾಲಿಕೆಯ ಆಶ್ರಯದಲ್ಲಿ, ಹಲವರ ಮನೆಗಳಲ್ಲಿ ಬೆಳೆದ ಗ್ರಹಾಂ ಗ್ಯಾಸ್ಕಿನ್‌ಗೆ ಆ ಅಜ್ಜಿಯ ಜಾಗದಲ್ಲಿದ್ದದ್ದು ಪಾಲಿಕೆಯ ಕಡತ. ದೊಡ್ಡವನಾಗಿ ಕೇಳಿದಾಗ ಅದು ಪೂರ್ತಿ ಸಿಗಲಿಲ್ಲ. ತನ್ನ ಬಾಲ್ಯವನ್ನು ಅರಿಯುವುದು ಖಾಸಗಿ ಬದುಕಿನ ಗೌರವಕ್ಕೇ ಸೇರಿದ್ದೆಂದು ಒಪ್ಪಿದ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, 1989ರಲ್ಲಿ ಬ್ರಿಟನ್ ತಪ್ಪಿದೆ ಎಂದಿತು.

ವೈದ್ಯರು, ಶಿಕ್ಷಕರು, ಸಾಕಿದವರು ಗುಟ್ಟಾಗಿರುತ್ತದೆಂದು ನಂಬಿ ಬರೆದದ್ದು ಬಯಲಾದರೆ ಮುಂದೆ ಯಾರು ನಿಜ ಬರೆದಾರು? ಈ ಆಕ್ಷೇಪವನ್ನು ಹಗುರವಾಗಿ ತಳ್ಳಲಾಗದು; ಆ ನಿಜದಿಂದಲೇ ಇನ್ನೊಂದು ಮಗು ಉಳಿದೀತು. ನ್ಯಾಯಾಲಯವೂ ಅದನ್ನು ಮನ್ನಿಸಿತು. ಬರೆದವರು ಒಪ್ಪದಿದ್ದಾಗ ತೀರ್ಮಾನಿಸಲು ಸ್ವತಂತ್ರ ಪ್ರಾಧಿಕಾರ ಇಲ್ಲದ್ದೇ ದೋಷವೆಂದಿತು. ಇದು ನನಗೆ ಪೂರ್ತಿ ಸರಿಯೆನಿಸುತ್ತದೆ, ಏಕೆಂದರೆ ಆ ಕಡತದಲ್ಲಿ ಪಾಲಿಕೆಯ ತಪ್ಪುಗಳೂ ಇರಬಹುದು; ಅದನ್ನು ತೋರಿಸಬೇಕೇ ಎಂದು ಪಾಲಿಕೆಯೇ ತೀರ್ಮಾನಿಸಬಾರದು. ಇಂದು ಬ್ರಿಟನ್‌ನಲ್ಲಿ ತನ್ನ ಕಡತ ಕೇಳುವ ಇಂಥ ಕೋರಿಕೆಗೆ ಸಾಮಾನ್ಯವಾಗಿ ಶುಲ್ಕವಿಲ್ಲದೆ, ತಿಂಗಳೊಳಗೆ ಉತ್ತರಿಸಬೇಕು. ಕಡತದಲ್ಲಿ ಬೇರೆಯವರ ಹೆಸರು ಕಾಣದಂತೆ ಮಸಿ ಬಳಿಯಲಿ; ಆದರೆ ಮಗುವನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಏಕೆ ಕಳಿಸಿದರೆಂಬ ಸಾಲಿಗೆ ಬಳಿಯುವಂತಿಲ್ಲ.