ಸಹಿಷ್ಣುತೆಯೂ ದೇಹದ ತನ್ನತನವೂ

ಮೂಳೆ ಮಜ್ಜೆಯ ಕಸಿಯಲ್ಲಿ ಸಹಿಷ್ಣುತೆ ಎಂದರೆ, ರೋಗಿಯ ರೋಗನಿರೋಧಕ ವ್ಯವಸ್ಥೆಯು ದಾನಿಯ ಜೀವಕೋಶಗಳನ್ನು ತಿರಸ್ಕರಿಸದೆ, ದಾನಿಯ ಜೀವಕೋಶಗಳೂ ರೋಗಿಯ ಅಂಗಾಂಶಗಳ ಮೇಲೆ ಎರಗದೆ, ಔಷಧದ ನಿತ್ಯ ನಿರ್ಬಂಧವಿಲ್ಲದೆಯೇ ಎರಡೂ ಒಂದೇ ದೇಹದಲ್ಲಿ ಬಾಳುವ ಸ್ಥಿತಿ. ಜೀವಕೋಶಗಳ ಗುರುತಿನಂತಿರುವ ಎಚ್‌ಎಲ್‌ಎ ಪ್ರೋಟೀನುಗಳು ಹೊಂದದಿದ್ದರೆ ಈ ಸ್ಥಿತಿ ದುರ್ಲಭ. ಒಡಹುಟ್ಟಿದವರಲ್ಲಿ ಸಹ ಪೂರ್ಣ ಹೊಂದಾಣಿಕೆಯ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ತೀವ್ರ ವಿಕಿರಣ ಮತ್ತು ಔಷಧಗಳಿಂದ ರೋಗಿಯ ಮಜ್ಜೆಯನ್ನು ಪೂರ್ತಿಯಾಗಿ ನಾಶಗೊಳಿಸಿ ದಾನಿಯ ಮಜ್ಜೆಗೆ ಎಡೆ ಮಾಡಿಕೊಡುವುದು ಹಳೆಯ ಮಾರ್ಗ. ರಕ್ತದ ಕ್ಯಾನ್ಸರಿನಲ್ಲಿ ಇದಕ್ಕೆ ಬಲವಾದ ಕಾರಣವಿದೆಯಾದರೂ, ಸಹಿಸಬೇಕಾದ ವ್ಯವಸ್ಥೆಯೇ ಇಲ್ಲವಾದ ಮೇಲೆ ಉಳಿಯುವುದನ್ನು ಸಹಿಷ್ಣುತೆ ಎನ್ನುವುದಕ್ಕಿಂತ ಸ್ಥಾನಪಲ್ಲಟ ಎನ್ನುವುದೇ ಸರಿ.

ತನ್ನದು ಯಾವುದು ಎಂಬ ಅರಿವು ದೇಹಕ್ಕೆ ಹುಟ್ಟಿನಿಂದಲೇ ಸಿದ್ಧವಾಗಿ ಬರುವುದಿಲ್ಲವೆಂಬುದಕ್ಕೆ ಮೊದಲ ಪುರಾವೆ ದೊರೆತದ್ದು ದನಗಳಲ್ಲಿ. ಗರ್ಭದಲ್ಲಿ ರಕ್ತನಾಳಗಳು ಕೂಡಿಕೊಂಡಿದ್ದ ಅವಳಿ ಕರುಗಳು ಬೆಳೆದ ಮೇಲೂ ಪರಸ್ಪರರ ರಕ್ತಕಣಗಳನ್ನು ಹೊತ್ತಿರುವುದನ್ನು ರೇ ಓವೆನ್ 1945ರಲ್ಲಿ ತೋರಿಸಿದರು. ಭ್ರೂಣಾವಸ್ಥೆಯ ಇಲಿಗಳಿಗೆ ಅನ್ಯ ಜೀವಕೋಶಗಳನ್ನು ಸೇರಿಸಿ ಅಂಥದೇ ಸಹಿಷ್ಣುತೆಯನ್ನು ಉಂಟುಮಾಡಬಹುದೆಂದು ಪೀಟರ್ ಮೆಡಾವರ್ ಮತ್ತು ಸಂಗಡಿಗರು 1953ರಲ್ಲಿ ಸಾಧಿಸಿದರು. ಪ್ರಾಯಕ್ಕೆ ಬಂದ ದೇಹ ಈ ಪಾಠವನ್ನು ಮತ್ತೆ ಕಲಿಯಬಲ್ಲುದೇ ಎಂಬುದು ಮುಂದಿನ ಪ್ರಶ್ನೆ. ಶರಾಬಿ ಮತ್ತು ಸ್ಯಾಕ್ಸ್ 1989ರಲ್ಲಿ ಇಲಿಗಳ ಟಿ ಕೋಶಗಳನ್ನು ಪ್ರತಿಕಾಯಗಳಿಂದ ತಗ್ಗಿಸಿ, ಇಡೀ ದೇಹಕ್ಕೆ 3 ಗ್ರೇ, ಎದೆಯೊಳಗಿನ ಥೈಮಸ್ ಗ್ರಂಥಿಗೆ 7 ಗ್ರೇ ವಿಕಿರಣ ನೀಡಿದಾಗ, ಮಜ್ಜೆ ನಾಶವಾಗದೆಯೇ ದಾನಿಯ ಜೀವಕೋಶಗಳು ನೆಲೆಗೊಂಡವು. ಟಿ ಕೋಶಗಳು ಪಳಗುವ ಗರಡಿಯಾದ ಥೈಮಸ್ಸನ್ನೂ ಅವು ಸೇರಿದ್ದರಿಂದ, ಹೊಸದಾಗಿ ಹುಟ್ಟುವ ಟಿ ಕೋಶಗಳಲ್ಲಿ ದಾನಿಯನ್ನು ವಿರೋಧಿಸುವಂಥವು ಅಲ್ಲಿಯೇ ಅಳಿದುಹೋದವು. ಇಲ್ಲಿ ಇಬ್ಬರೂ ಉಳಿದಿದ್ದಾರೆ. ಸಹಿಷ್ಣುತೆ ಎಂಬ ಮಾತಿಗೆ ಅರ್ಥ ಬರುವುದು ಇಲ್ಲಿಯೇ.

ಆದರೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಿಂದ 2008ರಲ್ಲಿ ಪ್ರಕಟವಾದ ಫಲಿತಾಂಶ ಈ ವಿವರಣೆಯನ್ನೂ ಅಲುಗಿಸಿತು. ಎಚ್‌ಎಲ್‌ಎ ಅರ್ಧ ಮಾತ್ರ ಹೊಂದುವ ದಾನಿಗಳಿಂದ ಮೂತ್ರಪಿಂಡವನ್ನೂ ಮಜ್ಜೆಯನ್ನೂ ಪಡೆದ ಐವರಲ್ಲಿ ದಾನಿಯ ರಕ್ತಕಣಗಳು ಕೆಲವೇ ವಾರಗಳಲ್ಲಿ ಮರೆಯಾದವು. ಆದರೂ ನಾಲ್ವರು ನಿರೋಧಶಕ್ತಿಯನ್ನು ಅಡಗಿಸುವ ಔಷಧಗಳನ್ನು ನಿಲ್ಲಿಸಿದ ಮೇಲೂ ಆ ಮೂತ್ರಪಿಂಡವನ್ನು ವರ್ಷಗಳ ಕಾಲ ಉಳಿಸಿಕೊಂಡರು. ಅನ್ಯ ರಕ್ತಕಣಗಳು ಹೋದ ಮೇಲೂ ಸಹಿಷ್ಣುತೆ ನಿಂತಿತೆಂದರೆ, ತನ್ನತನವು ದೇಹದಲ್ಲಿ ಏನೇನಿದೆ ಎಂಬುದರ ಪಟ್ಟಿಯಲ್ಲ, ಎದುರಾದುದರೊಡನೆ ದೇಹ ರೂಢಿಸಿಕೊಂಡ ನಡವಳಿಕೆ ಎಂದೇ ತಿಳಿಯಬೇಕಾಗುತ್ತದೆ.

ಜಾನ್ಸ್ ಹಾಪ್ಕಿನ್ಸ್‌ನಲ್ಲಿ ರೂಪುಗೊಂಡ ಕ್ರಮ ಈ ವಿಚಾರವನ್ನು ಮತ್ತಷ್ಟು ತೀಕ್ಷ್ಣಗೊಳಿಸುತ್ತದೆ. ಅಲ್ಲಿ ಕೇವಲ 2 ಗ್ರೇ ವಿಕಿರಣ ಮತ್ತು ಸೌಮ್ಯ ಔಷಧಕ್ರಮದ ನಂತರ ಅರ್ಧ ಹೊಂದುವ ಮಜ್ಜೆಯನ್ನು ನೀಡಿ, ಮೂರನೆಯ ಮತ್ತು ನಾಲ್ಕನೆಯ ದಿನ ಸೈಕ್ಲೋಫಾಸ್ಫಮೈಡ್ ಕೊಡಲಾಗುತ್ತದೆ. ಅನ್ಯವನ್ನು ಕಂಡು ಕೆರಳಿ ವೇಗವಾಗಿ ವಿಭಜನೆಗೊಳ್ಳುತ್ತಿರುವ ಟಿ ಕೋಶಗಳೇ ಈ ಔಷಧಕ್ಕೆ ಹೆಚ್ಚಾಗಿ ಬಲಿಯಾಗುತ್ತವೆ. ಇದರಿಂದ ಸಮಾಜಕ್ಕೆ ನೀತಿಯನ್ನು ಹೆಕ್ಕುವುದು ಅಪಾಯಕಾರಿ, ಏಕೆಂದರೆ ಇಲ್ಲಿ ಸಹಿಷ್ಣುತೆಯು ಕೊಲ್ಲುವುದರ ಮೂಲಕವೂ ಸಿದ್ಧಿಸುತ್ತದೆ. ಗಮನಾರ್ಹವಾದದ್ದು ಆ ಎರಡು ಮೂರು ದಿನಗಳ ಕಾಯುವಿಕೆ: ಭೇದವನ್ನು ಮರೆಮಾಚದೆ, ಪರಸ್ಪರ ಗುರುತಿಸಲು ಎರಡೂ ಕಡೆಯವರಿಗೆ ಅವಕಾಶ ಕೊಟ್ಟ ಬಳಿಕವೇ ಚಿಕಿತ್ಸೆ ಕೈಹಾಕುತ್ತದೆ, ಕೆರಳದೆ ವಿಶ್ರಾಂತವಾಗಿದ್ದ ಕೋಶಗಳು ಬಹುಮಟ್ಟಿಗೆ ಉಳಿದು, ಮುಂದೆ ಸೋಂಕು ಬಂದಾಗ ಅದೇ ದೇಹವನ್ನು ಕಾಯುತ್ತವೆ.